ಮುಚ್ಚಿಹಾಕಿದ ಮೂರು ದೂರುಗಳು

ಶೂನ್ಯವನ್ನು ಒಳಗೆ ಬಿಟ್ಟ ಮರುಕ್ಷಣವೇ ಪ್ರೊಸೆಸರ್ ಹೊರೆಯ ಅಂಕೆ ಒಂಬತ್ತರಿಂದ ನೂರಕ್ಕೆ ಜಿಗಿಯಿತು.

ಲ್ಯಾಪ್‌ಟಾಪಿನ ಫ್ಯಾನು ಮೊದಲು ಗೊಣಗಿತು, ಅನಂತರ ಅರಚತೊಡಗಿತು. ಪರದೆಯ ಮೇಲೆ ಸದಾ ಕೆಳಗಿಳಿಯುತ್ತಿರಬೇಕಾದ ನೀಲಿ ಪಟ್ಟಿ ನಿಂತಲ್ಲೇ ನಿಂತಿತು.

“ಏನಮ್ಮಾ ಇದು, ಹಿಟ್ಟಿನ ಗಿರಣಿ ಇಟ್ಕೊಂಡಿದ್ದೀಯಾ?” ಎಂದರು ಕಾರ್ಯದರ್ಶಿಗಳು.

ಅವರು ಊರಿನಲ್ಲಿ ಕನ್ನಡಕದಂಗಡಿ ಇಟ್ಟವರು, ನಮ್ಮ ಹವ್ಯಾಸಿ ರೇಡಿಯೋ ಸಂಘಕ್ಕೆ ಕಾರ್ಯದರ್ಶಿ. ನಾನು ಕೆಲಸ ಮಾಡುವ ಶ್ರವಣಸಾಧನ ಪರೀಕ್ಷಾಲಯಕ್ಕೆ ಒಂದು ಹಾಳೆ ಹಿಡಿದು ಬಂದು ಕಾಲು ಗಂಟೆಯಾಗಿತ್ತು. ಹಾಳೆಯಲ್ಲಿ ಒಂದೇ ವಾಕ್ಯವಿತ್ತು: “ಅಪಘಾತದ ದಿನ ಜರಡಿ ತಂತ್ರಾಂಶದಲ್ಲಿ ಯಾವ ದೋಷವೂ ಇರಲಿಲ್ಲ.” ಅದರ ಕೆಳಗೆ ನನ್ನ ಸಹಿಗೆ ಖಾಲಿ ಜಾಗ.

ನಾನು ಸಹಿ ಹಾಕಿದರೆ ಉಳಿಯುವ ಕಾರಣ ಒಂದೇ. ಆ ಹೊತ್ತು ರೇಡಿಯೋ ಆಲಿಸುತ್ತ ಕೂತಿರಬೇಕಾಗಿದ್ದ ಸಂಘದ ಹಿರಿಯ ಕಿವಿಯಣ್ಣ ನಿದ್ದೆ ಮಾಡಿದರು.

ಹನ್ನೊಂದು ದಿನಗಳ ಹಿಂದೆ, ನದಿಯ ಮಟ್ಟ ಅಳೆಯಲು ಕಣಿವೆಗೆ ಇಳಿದಿದ್ದ ಕಿವಿಯಣ್ಣನವರ ತಮ್ಮ ಜಾರಿ ಬಂದ ಬಂಡೆಯಡಿ ಸಿಕ್ಕಿಕೊಂಡು, ಕೈಯಲ್ಲಿದ್ದ ಪುಟ್ಟ ರೇಡಿಯೋದಿಂದ ಒಂಬತ್ತು ಸಲ ಅಣ್ಣನನ್ನು ಕರೆದಿದ್ದರು, ಉತ್ತರ ಬರಲಿಲ್ಲ, ಮರುದಿನ ಬೆಳಿಗ್ಗೆ ಸಿಕ್ಕಿದ್ದು ದೇಹ. ನಾಳೆ ಹತ್ತು ಗಂಟೆಗೆ ರೇಡಿಯೋ ಪರವಾನಗಿ ಕಚೇರಿಯಲ್ಲಿ ವಿಚಾರಣೆ.

“ಸಹಿ ಹಾಕು ತಂಗಿ. ಅಂಗಡಿ ಬಾಗಿಲು ತೆಗೆದಿಟ್ಟು ಬಂದಿದ್ದೀನಿ.”

“ದೋಷ ಇದೆ ಸರ್. ನೋಡಿ, ಕಣ್ಣೆದುರಿಗೇ ಇದೆ.”

ಜರಡಿಯನ್ನು ಯಾರೂ ಮಾರುವುದಿಲ್ಲ, ಯಾರೂ ಕೊಳ್ಳುವುದಿಲ್ಲ. ಬೇರೆ ಬೇರೆ ಊರುಗಳ ಕೆಲವು ಆಸಕ್ತರು ಬಿಡುವಿನಲ್ಲಿ ಬರೆದ ತಂತ್ರಾಂಶ ಅದು. ಅದರ ಒಳಗನ್ನು ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದುಪಡಿ ಕಳಿಸಬಹುದು. ರೇಡಿಯೋದ ಗದ್ದಲದಲ್ಲಿ ಹೂತುಹೋದ ಕ್ಷೀಣ ಸಂದೇಶಗಳನ್ನು ಸೋಸಿ ಅಕ್ಷರವಾಗಿ ತೋರಿಸುವುದು ಅದರ ಕೆಲಸ. ಬರುವ ದೂರುಗಳನ್ನು ಓದಿ ವಿಂಗಡಿಸುವುದು, ಸಣ್ಣಪುಟ್ಟ ತಿದ್ದುಪಡಿಗಳನ್ನು ಒಪ್ಪುವುದು ನನ್ನ ಕೆಲಸ. ಯಾರೂ ಒತ್ತಾಯಿಸಿರಲಿಲ್ಲ, ನಾನೇ ಕೇಳಿ ಪಡೆದದ್ದು.

ಕಿವಿಯಣ್ಣ ಆರು ವಾರಗಳಲ್ಲಿ ಮೂರು ದೂರು ಬರೆದಿದ್ದರು. ಮೂರರ ತಲೆಬರಹವೂ ಒಂದೇ: “ಜರಡಿ ಪ್ರೊಸೆಸರನ್ನು ಪೂರ್ತಿ ತಿಂದುಹಾಕುತ್ತಿದೆ.” ಮೂರಕ್ಕೂ ನಾನು ಒಂದೇ ಉತ್ತರ ಅಂಟಿಸಿದ್ದೆ: “ನಮ್ಮಲ್ಲಿ ಹೀಗಾಗುತ್ತಿಲ್ಲ. ನಿಮ್ಮ ಯಂತ್ರ ಹಳೆಯದಿರಬೇಕು. ದೂರನ್ನು ಮುಚ್ಚಲಾಗಿದೆ.” ಮೂರನೆಯದರ ಜೊತೆ ಅವರು ಒಂದು ದಾಖಲೆಯನ್ನೂ ಲಗತ್ತಿಸಿದ್ದರು. ಪ್ರತಿ ಐದು ಸೆಕೆಂಡಿಗೊಮ್ಮೆ ಪ್ರೊಸೆಸರ್ ಎಷ್ಟು ದುಡಿಯಿತು ಎಂಬ ಲೆಕ್ಕ, ಹದಿನಾರು ದಿನಗಳದು.

ಅದನ್ನು ನಾನು ತೆರೆದದ್ದು ಕಳೆದ ವಾರ. ಶವಸಂಸ್ಕಾರದಿಂದ ಹಿಂದಿರುಗಿದ ಮೇಲೆ.

“ಸದ್ದು ಕೊಟ್ಟರೆ ಒಂಬತ್ತು. ಗದ್ದಲ ಕೊಟ್ಟರೂ ಒಂಬತ್ತು. ಏನೂ ಕೊಡದೆ ಇದ್ದಾಗ ನೂರು,” ಎಂದೆ.

“ಕೆಲಸ ಇಲ್ದಾಗ ಜಾಸ್ತಿ ದುಡಿಯೋದಾ? ನಮ್ಮ ಅಂಗಡಿ ಹುಡುಗ್ರಿಗೆ ಇದನ್ನ ಕಲಿಸಮ್ಮ.”

ನನಗೆ ನಗು ಬರಲಿಲ್ಲ. “ಜರಡಿ ಒಳಗೆ ಪ್ರತಿಯೊಂದು ಅಂಕಿಯೂ ಹಿಂದಿನದರ ಒಂದು ಪಾಲು. ಹೊರಗಿಂದ ಸ್ವಲ್ಪ ಸೊಂಯ್ ಅನ್ನೋ ಸದ್ದು ಬರ್ತಾ ಇದ್ರೂ ಸಾಕು, ಅಂಕಿ ಒಂದು ಗಾತ್ರದಲ್ಲಿ ಉಳಿಯುತ್ತೆ. ಪೂರ್ತಿ ನಿಶ್ಶಬ್ದ ಆದ್ರೆ ಅಂಕಿ ಸವೀತಾ ಸವೀತಾ ಹೋಗುತ್ತೆ, ಸೊನ್ನೆ ಮಾತ್ರ ಆಗಲ್ಲ. ಅಕ್ಕಸಾಲಿಗ ಬಳೆ ತೂಗೋದಕ್ಕೂ ಚಿನ್ನದ ಧೂಳು ತೂಗೋದಕ್ಕೂ ಇರೋ ವ್ಯತ್ಯಾಸ ಸರ್. ಧೂಳಿಗೆ ಉಸಿರು ಬಿಗಿ ಹಿಡೀಬೇಕು. ಪ್ರೊಸೆಸರಿಗೂ ಹಾಗೇ, ಒಂದು ಲೆಕ್ಕಕ್ಕೆ ನೂರರಷ್ಟು ಹೊತ್ತು ಹಿಡಿಯುತ್ತೆ.”

ಅವರ ಮುಖದ ನಗೆ ಸರಿಯಿತು. “ಅಂದ್ರೆ ಆ ದಿನ...”

“ಆ ದಿನವೂ ಹೀಗೇ ಆಗಿದ್ರೆ ಕಿವಿಯಣ್ಣನ ಜರಡಿಗೆ ಸದ್ದೇ ತಲುಪಿರಲ್ಲ. ಅವರು ಎದ್ದಿದ್ರೂ ಅಷ್ಟೇ, ಮಲಗಿದ್ರೂ ಅಷ್ಟೇ.”

“ಆಂಟೆನಾ ಕಿತ್ತುಹೋಗಿರ್ಬೇಕು.”

“ಆಂಟೆನಾ ಕಿತ್ತರೂ ರೇಡಿಯೋ ತನ್ನ ಪಾಡಿಗೆ ಸೊಂಯ್ ಅಂತಿರುತ್ತೆ. ಪರೀಕ್ಷೆ ಮಾಡಿ ನೋಡಿದೆ, ಆಗಲೂ ಒಂಬತ್ತೇ. ರೇಡಿಯೋಗೂ ಜರಡಿಗೂ ನಡುವೆ ಯಾರಾದ್ರೂ ದಾರಿ ಕಟ್ಟಿದ್ರೆ ಮಾತ್ರ ನೂರು.”

“ಯಾರಾದ್ರೂ ಅಂದ್ರೆ?”

ಕೇಳಬೇಕಾದದ್ದನ್ನು ಕೇಳಿಯೇಬಿಟ್ಟೆ. “ಕಿವಿಯಣ್ಣನ ಯಂತ್ರಕ್ಕೆ ದೂರದಿಂದ ಕೈಹಾಕೋ ಪಾಸ್‌ವರ್ಡ್ ನಿಮ್ಮ ಹತ್ರ ಇದೆ ಅಲ್ವಾ ಸರ್?”

ಅವರು ಕನ್ನಡಕ ತೆಗೆದರು, ಅಂಗಿಯ ಅಂಚಿನಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು.

“ನಿನ್ನನ್ನ ಸಂಘಕ್ಕೆ ಸೇರಿಸಿದ್ದು ನಾನು. ಇವತ್ತು ನನಗೇ ಬಲೆ ಬೀಸ್ತೀಯಾ? ಹೋಗು, ಆ ಯಂತ್ರದಲ್ಲೇ ಬರೆದಿರುತ್ತೆ, ಯಾರು ಯಾವಾಗ ಒಳಗೆ ಬಂದ್ರು ಅಂತ. ನೋಡ್ಕೊಂಡು ಬಾ. ಆಮೇಲೆ ನನ್ನ ಹತ್ರ ಕ್ಷಮೆ ಕೇಳು.”

ಹಾಳೆಯನ್ನು ಅವರು ಮೇಜಿನ ಮೇಲೇ ಬಿಟ್ಟು ಹೋದರು.

*

ಮೂರನೆಯ ಮಹಡಿಯ ಆ ಮನೆಯಲ್ಲಿ ಕಿವಿಯಣ್ಣನವರ ರೇಡಿಯೋ ಕೋಣೆ ಎಂದರೆ ಗಾಜು ಹಾಕಿ ಮುಚ್ಚಿದ ಬಾಲ್ಕನಿ. ಒಂದು ಕುರ್ಚಿ, ಒಂದು ಸ್ಟೂಲು, ಮೊಳೆಗಳನ್ನು ಗಾತ್ರದ ಪ್ರಕಾರ ವಿಂಗಡಿಸಿಟ್ಟ ಹನ್ನೆರಡು ಡಬ್ಬಿಗಳು. ನಲವತ್ತು ವರ್ಷ ಲಿಫ್ಟ್ ಮೆಕ್ಯಾನಿಕ್ ಆಗಿದ್ದವರ ಶಿಸ್ತು. ಪಕ್ಕದ ಕೋಣೆಗೂ ಇದಕ್ಕೂ ನಡುವೆ ಪ್ಲೈವುಡ್ಡಿನ ಒಂದು ಗೋಡೆ ಮಾತ್ರ.

ಗದ್ದಲದೊಳಗಿನ ಸಂದೇಶದ ಟಿಕ್ ಟಿಕ್ ಅನ್ನು ಬೇರೆ ಯಾರಿಗೂ ಕೇಳಿಸದಾಗ ಅವರು ಕೇಳಿಸಿಕೊಳ್ಳುತ್ತಿದ್ದರಂತೆ. ಅದಕ್ಕೇ ಕಿವಿಯಣ್ಣ. ಅರವತ್ತೆಂಟರ ಅವರನ್ನು ಸಂಘದಲ್ಲಿ ಮೊಮ್ಮಕ್ಕಳ ವಯಸ್ಸಿನವರೂ ಅಣ್ಣ ಎಂದೇ ಕರೆಯುವುದು.

“ಬಾಮ್ಮ, ಸ್ಟೂಲ್ ಮೇಲೆ ಕೂತ್ಕೋ. ಒಂದು ಕಾಲು ಗಿಡ್ಡ ಅದರದ್ದು, ಬಲಗಡೆ ವಾಲ್ಬೇಡ.”

“ಇನ್ನೂ ರೇಡಿಯೋ ಹಾಕ್ತೀರಾ ಅಣ್ಣಾ?”

“ಪರವಾನಗಿ ನಾಳೆವರೆಗೂ ಇದೆಯಲ್ಲ. ಕೂತಿರ್ತೀನಿ. ಕರೆಯೋರು ಇಲ್ಲ ಅಂತ ಗೊತ್ತಿದ್ರೂ ಮೂರೂವರೆ ಆದ್ರೆ ಕಾಲು ಇಲ್ಲಿಗೇ ಬರುತ್ತೆ.”

ನಾನು ಮೊದಲು ಪ್ರವೇಶದ ಪಟ್ಟಿ ತೆರೆದೆ. ಅಪಘಾತದ ದಿನ ದೂರದಿಂದ ಆ ಯಂತ್ರದೊಳಕ್ಕೆ ಯಾರೂ ಬಂದಿರಲಿಲ್ಲ. ಕಾರ್ಯದರ್ಶಿಗಳ ಕ್ಷಮೆ ಕೇಳಬೇಕು ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ.

ಬಳಿಕ ಪ್ರೊಸೆಸರ್ ದಾಖಲೆಯ ಉಳಿದ ಭಾಗ. ಅವರು ಆ ಲೆಕ್ಕವನ್ನು ಇನ್ನೂ ನಿಲ್ಲಿಸಿರಲಿಲ್ಲ. ವಾರದಲ್ಲಿ ಐದು ದಿನ, ಸುಮಾರು ನಾಲ್ಕಕ್ಕೆ ಅಂಕೆ ನೂರಕ್ಕೆ ಏರುತ್ತದೆ, ನಾಲ್ಕು ಇಪ್ಪತ್ತೈದರ ಹೊತ್ತಿಗೆ ಇಳಿಯುತ್ತದೆ. ಒಂದು ದಿನ ಎರಡು ನಿಮಿಷ ಮುಂಚೆ, ಇನ್ನೊಂದು ದಿನ ಒಂದು ನಿಮಿಷ ತಡ. ಯಂತ್ರದ ಕೈವಾಡವಾಗಿದ್ದರೆ ಇಷ್ಟು ಸಡಿಲವಿರುವುದಿಲ್ಲ. ಇದು ಮನುಷ್ಯರ ಕೈ.

ಅಪಘಾತದ ದಿನ: ನಾಲ್ಕು ಎಂಟರಿಂದ ನಾಲ್ಕು ಇಪ್ಪತ್ತೈದು. ತಮ್ಮನ ರೇಡಿಯೋದಲ್ಲಿ ಉಳಿದಿದ್ದ ದಾಖಲೆಯ ಪ್ರಕಾರ ಮೊದಲ ಕರೆ ನಾಲ್ಕು ಎಂಟಕ್ಕೆ, ಒಂಬತ್ತನೆಯದು ನಾಲ್ಕು ಇಪ್ಪತ್ನಾಲ್ಕಕ್ಕೆ. ಅನಂತರ ಬ್ಯಾಟರಿ ಮುಗಿದಿತ್ತು.

“ಅಣ್ಣಾ, ಆ ದಿನ ನಿಮಗೆ ನಿಜವಾಗಿಯೂ ನಿದ್ದೆ ಬಂದಿತ್ತಾ?”

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. “ಬಂದಿರ್ಬೇಕು ಕಣಮ್ಮ. ಹನ್ನೊಂದು ದಿನದಿಂದ ಎಲ್ರೂ ಅದನ್ನೇ ಹೇಳ್ತಿದ್ದಾರೆ. ಎಲ್ರೂ ಸುಳ್ಳು ಹೇಳ್ತಾರಾ?”

“ನಿಮಗೇನು ನೆನಪಿದೆ?”

“ಪರದೆ ನಿಂತಿತ್ತು. ಮೌಸ್ ಅಲ್ಲಾಡಿಸ್ತಾ ಕೂತಿದ್ದೆ. ನಿದ್ದೇಲಿ ಮೌಸ್ ಅಲ್ಲಾಡಿಸಿದ ಹಾಗೆ ಕನಸು ಬಿತ್ತೇನೋ ಅಂತ ಈಗ ಅನ್ನಿಸುತ್ತೆ.” ಅವರು ಮೆಲ್ಲಗೆ ನಕ್ಕರು. “ನಿನಗೂ ತೊಂದರೆ ಕೊಟ್ಟೆ. ಮೂರು ಸಲ ಬರೆದೆ. ಯಂತ್ರ ಹಳೇದು ಅಂತ ನೀನು ಹೇಳಿದ ಮೇಲೂ ಬರೀಬಾರ್ದಿತ್ತು.”

ನಾನು ಪುಸ್ತಕದ ಕಡೆ ತಲೆ ಬಗ್ಗಿಸಿದೆ. ಬರೆಯುವುದಕ್ಕೆ ಏನೂ ಇರಲಿಲ್ಲ. ಹಿಂದಿನ ಸಾಲಿನ ಕೆಳಗೆ ಗೆರೆ ಎಳೆದೆ.

ಇನ್ನೊಂದು ಸಂಗತಿ ನನ್ನನ್ನು ಕಾಡುತ್ತಿತ್ತು. ಸದ್ದಿನ ದಾರಿ ಕಟ್ಟಿದರೆ ಸ್ಪೀಕರಿನ ಸೊಂಯ್ ಕೂಡ ನಿಲ್ಲುತ್ತದೆ, ಏಕೆಂದರೆ ಆ ಸದ್ದು ಜರಡಿಯ ಮೂಲಕವೇ ಹಾದು ಬರುವುದು. ಪಕ್ಕದಲ್ಲೇ ಕುಳಿತವರಿಗೆ ಅದು ಹೇಗೆ ತಿಳಿಯಲಿಲ್ಲ?

ಅವರು ಡಬ್ಬಿಯಿಂದ ಏನನ್ನೋ ಹುಡುಕಲು ತಿರುಗಿದಾಗ ನಾನು ಸ್ಪೀಕರಿನ ತಿರುಪನ್ನು ಪೂರ್ತಿ ಇಳಿಸಿದೆ. ಅವರ ಭುಜ ಅಲುಗಲಿಲ್ಲ. ಮತ್ತೆ ಏರಿಸಿದೆ, ಇನ್ನಷ್ಟು ಏರಿಸಿದೆ. ಅವರು ಹಾಡಿನ ಒಂದು ಸಾಲು ಗುನುಗುತ್ತ ಮೊಳೆಗಳಲ್ಲಿ ಕೈಯಾಡಿಸುತ್ತಲೇ ಇದ್ದರು.

ಇಂಥ ಪರೀಕ್ಷೆಯನ್ನು ನಾನು ದಿನಕ್ಕೆ ಇಪ್ಪತ್ತು ಸಲ ಮಾಡುತ್ತೇನೆ, ಒಪ್ಪಿಗೆ ಪತ್ರ ಬರೆಸಿಕೊಂಡು. ಬೆನ್ನ ಹಿಂದೆ ಕಳ್ಳಿಯ ಹಾಗೆ ಮಾಡಿದ್ದು ಅದೇ ಮೊದಲು. ಕಿವಿಯಣ್ಣನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಅವರು ಇಷ್ಟು ಹೊತ್ತು ನನ್ನ ತುಟಿಗಳನ್ನು ಓದುತ್ತಿದ್ದರು.

ನಾಲ್ಕಕ್ಕೆ ಎರಡು ನಿಮಿಷ ಇರುವಾಗ ಅವರ ಮಗಳು ಚಹಾ ತಂದಳು. ಮಾತು ತೊದಲುವ ಮಕ್ಕಳಿಗೆ ಮನೆಯಿಂದಲೇ, ವೀಡಿಯೋ ಕರೆಯಲ್ಲಿ ತರಬೇತಿ ಕೊಡುವವಳು. ಬಲಗೈಯಿಂದ ತಂದೆಯ ಮುಂದೆ ಲೋಟವಿಟ್ಟಳು. ಎಡಗೈ ಕೀಲಿಮಣೆಯ ಮೇಲಿನ ಸಾಲಿಗೆ ಹೋಗಿ, ತೋರುಬೆರಳು ಒಂದು ಗುಂಡಿಯನ್ನು ಮುಟ್ಟಿ ಹಿಂದೆ ಬಂತು. ಮೇಜಿನ ಮೇಲಿನ ಧೂಳು ಒರೆಸಿದಷ್ಟು ಸಹಜ.

ಸೊಂಯ್ ನಿಂತಿತು.

ಅವಳು ಹೊರಗೆ ಹೋದಳು. ಫ್ಯಾನು ಗೊಣಗಿ, ಅರಚಿತು. ನೀಲಿ ಪಟ್ಟಿ ನಿಂತಿತು. ಅಂಕೆ: ನೂರು.

“ನೋಡಿದ್ಯಾ!” ಕಿವಿಯಣ್ಣ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. “ನೋಡಿದ್ಯಾ ನೋಡಿದ್ಯಾ! ದಿನಾ ಇದೇ ಹೊತ್ತಿಗೆ! ನಾನು ಸುಳ್ಳು ಬರೆದಿರಲಿಲ್ಲ ಕಣಮ್ಮ!”

ಹನ್ನೊಂದು ದಿನಗಳಲ್ಲಿ ಅವರ ಮುಖದಲ್ಲಿ ನಾನು ಕಂಡ ಮೊದಲ ಸಂತೋಷ ಅದು. ಅದನ್ನು ನೋಡಲಾರದೆ ಗೋಡೆಯ ಕಡೆ ನೋಡಿದೆ.

*

ಪ್ಲೈವುಡ್ಡಿನ ಆಚೆ ತರಗತಿ ಮುಗಿಯುವವರೆಗೆ ಕಾದೆ. ನಾಲ್ಕು ಇಪ್ಪತ್ತಾರಕ್ಕೆ ಅವಳು ಬಂದು ಖಾಲಿ ಲೋಟ ತೆಗೆದುಕೊಂಡಳು, ಅದೇ ಬೆರಳು ಅದೇ ಗುಂಡಿ ಮುಟ್ಟಿತು, ಸೊಂಯ್ ಮರಳಿತು. ನಾನು ಅವಳ ಹಿಂದೆಯೇ ಅಡುಗೆಮನೆಗೆ ಹೋದೆ.

“ಅಕ್ಕ, ಒಂದು ಮಾತು.”

“ಹೇಳೇ. ನಾಳೆ ಅಪ್ಪನ ಜೊತೆಗೆ ನೀನೂ ಬರ್ತೀಯಲ್ಲ? ನಂಗೆ ಅಲ್ಲಿ ಬಾಯೇ ಬರಲ್ಲ. ಊರ ಮಕ್ಕಳಿಗೆಲ್ಲ ಮಾತು ಕಲಿಸ್ತೀನಿ, ನನ್ನ ಸರದಿ ಬಂದ್ರೆ ನಾಲಿಗೆ ಒಣಗುತ್ತೆ.”

“ಚಹಾ ಇಟ್ಟಾಗ ಒಂದು ಗುಂಡಿ ಒತ್ತಿದ್ರಿ.”

“ಹೂಂ, ಸದ್ದು ನಿಲ್ಸೋ ಗುಂಡಿ.” ಅವಳು ಲೋಟ ತೊಳೆಯುತ್ತಲೇ ಹೇಳಿದಳು. “ಆ ಸೊಂಯ್ ಕೇಳಿದ್ರೆ ಒಂದು ಮಗು ಮಾತೇ ಆಡಲ್ಲ ಕಣೇ. ಮೊದಲ ಅಕ್ಷರಕ್ಕೇ ನಿಂತುಬಿಡುತ್ತೆ. ಅಪ್ಪನಿಗೆ ಹೇಳಿದ್ರೆ ಬೇಜಾರು ಮಾಡ್ಕೋತಾರೆ, ಹೇಗೂ ಅವರಿಗೆ...” ತಡೆದಳು.

“ಹೇಗೂ ಅವರಿಗೆ ಕೇಳಿಸಲ್ಲ.”

ಅವಳು ನಲ್ಲಿ ನಿಲ್ಲಿಸಿದಳು. “ನಿನಗೆ ಯಾರು ಹೇಳಿದ್ದು?”

“ಯಾರೂ ಹೇಳಿಲ್ಲ.”

“ಯಾರಿಗೂ ಹೇಳ್ಬೇಡ. ಎರಡು ವರ್ಷ ಆಯ್ತು. ಯಂತ್ರ ಹಾಕಿಸ್ಕೊಳ್ಳಿ ಅಂದ್ರೆ, ಕಿವಿ ಇಲ್ದೋನನ್ನ ಕಿವಿಯಣ್ಣ ಅಂತ ಯಾರು ಕರೀತಾರೆ ಅಂತಾರೆ. ಪರದೆ ನೋಡ್ಕೊಂಡು ಕೆಲಸ ಸಾಗಿಸ್ತೀನಿ ಅಂತಾರೆ.”

ಇಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ನನ್ನ ಮನಸ್ಸಿನಲ್ಲಿ ಆಗ ಒಂದೇ ಲೆಕ್ಕವಿತ್ತು: ಆ ದಿನದ ಹದಿನೇಳು ನಿಮಿಷಗಳಿಗೆ ಕಾರಣ ಬೇರೆ ಯಾರಾದರೂ ಆದರೆ, ನನ್ನ ಮೂರು ಉತ್ತರಗಳ ಭಾರ ಅಷ್ಟಷ್ಟು ಕಡಿಮೆಯಾಗುತ್ತದೆ. ಆ ಲೆಕ್ಕ ಮನಸ್ಸಿನಲ್ಲಿ ಇರಲೇ ಇಲ್ಲ ಎಂದು ಈಗ ಹೇಳಿದರೆ ಅದು ಸುಳ್ಳಾದೀತು.

“ಅಕ್ಕ, ಆ ಗುಂಡಿ ಸ್ಪೀಕರಿಂದಲ್ಲ. ಅದರ ಮೇಲಿರೋ ಚಿತ್ರ ಮೈಕಿನದು.”

“ಏನಾದ್ರೇನು, ಸದ್ದು ನಿಲ್ಲುತ್ತಲ್ಲ?”

“ಅದು ಹೊರಗೆ ಹೋಗೋ ಸದ್ದನ್ನ ನಿಲ್ಸಲ್ಲ. ಒಳಗೆ ಬರೋದನ್ನೇ ನಿಲ್ಸುತ್ತೆ. ಅದನ್ನ ಒತ್ತಿದ ಮೇಲೆ ರೇಡಿಯೋಗೆ ಯಾರು ಎಷ್ಟು ಕರೆದ್ರೂ ಜರಡಿಗೆ ಒಂದಕ್ಷರ ತಲುಪಲ್ಲ. ಪರದೆ ನಿಂತುಹೋಗುತ್ತೆ, ಯಂತ್ರ ಕೆಟ್ಟಿದೆ ಅಂತ ನಿಮ್ಮಪ್ಪ ನನಗೆ ಬರೀತಾರೆ.”

ಅವಳ ಕೈಯಲ್ಲಿ ಲೋಟ ಹಾಗೇ ಇತ್ತು. ನೀರು ಮೊಣಕೈವರೆಗೆ ಇಳಿಯುತ್ತಿತ್ತು.

“ಆ ದಿನ ನಾಲ್ಕು ಎಂಟಕ್ಕೆ ಶುರುವಾಗಿದೆ,” ಎಂದೆ. “ತರಗತಿ ತಡ ಆಗಿತ್ತಾ?”

“ನಂಗೆ... ನೆನಪಿಲ್ಲ.”

“ಆ ಮಗು ತಡವಾಗಿ ಬರೋದುಂಟಾ?”

“ಎಷ್ಟೋ ಸಲ. ಕಾಲು ಗಂಟೆ ಕಾಯಿಸಿದ್ದೂ ಉಂಟು.”

“ಹಾಗಿದ್ರೆ ಆ ದಿನವೂ ತಡವಾಗಿರಬಹುದು.”

“ಇರಬಹುದು.” ಅವಳ ದನಿ ಸಣ್ಣದಾಯಿತು. “ಒತ್ತಿದ್ದು ನೆನಪೇ ಇರಲ್ಲ ಕಣೇ. ಹೋಗ್ತಾ ದೀಪ ಆರಿಸಿದ್ದು ಯಾರಿಗೆ ನೆನಪಿರುತ್ತೆ? ದಿನಾ ಒತ್ತುತ್ತೀನಿ ಅಂದ್ಮೇಲೆ ಆವತ್ತೂ ಒತ್ತಿರ್ತೀನಿ.” ಆಮೇಲೆ ಅವಳಿಗೆ ಪೂರ್ತಿ ಅರ್ಥವಾಯಿತು. “ಚಿಕ್ಕಪ್ಪ ಕರೀತಾ ಇದ್ರು. ನಾನು ಪಕ್ಕದ ಕೋಣೇಲಿ ಕೂತು ಯಾರದೋ ಮಗುಗೆ ‘ನಿಧಾನ, ನಿಧಾನ, ಅವಸರ ಇಲ್ಲ’ ಅಂತ ಹೇಳ್ಕೊಡ್ತಾ ಇದ್ದೆ.”

ಅವಳು ಅಳಲಿಲ್ಲ. ಲೋಟ ಹಿಡಿದೇ ಕಲ್ಲಿನ ಕಟ್ಟೆಗೆ ಎರಡೂ ಮುಂಗೈ ಊರಿ ನಿಂತಳು, ಭಾರವಾದದ್ದನ್ನು ತಳ್ಳುವವಳ ಹಾಗೆ.

ನಾನು ಪುಸ್ತಕದಲ್ಲಿ ಬರೆದೆ: “ಮಗಳು ಒಪ್ಪಿದ್ದಾಳೆ.” ಅಕ್ಷರಗಳು ದುಂಡಾಗಿಯೇ ಬಂದವು. ಅವಳ ಮಾತಿನ ಕಾಲು ಭಾಗ ನಾನೇ ಅವಳ ಬಾಯಿಗೆ ಹಾಕಿದ್ದು ಎಂಬುದನ್ನು ಬರೆಯಲಿಲ್ಲ.

ತಲೆಯೆತ್ತಿದಾಗ ಬಾಗಿಲಲ್ಲಿ ಕಿವಿಯಣ್ಣ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

“ಅಪ್ಪಾ,” ಎಂದಳು ಅವಳು. “ನಿಮಗೆ ಏನು ಕೇಳಿಸ್ತು?”

“ಏನೂ ಕೇಳಿಸ್ಲಿಲ್ಲ. ಇಬ್ಬರ ಮುಖವೂ ಬೆಳಕಿಗಿತ್ತು. ನೋಡ್ದೆ.”

ಅವರು ಒಳಗೆ ಬಂದು ಮಗಳ ಕೈಯಿಂದ ಲೋಟ ತೆಗೆದು ಕಟ್ಟೆಯ ಮೇಲಿಟ್ಟರು. ಒಲೆಯ ಪಕ್ಕದ ಬಟ್ಟೆಯಿಂದ ಅವಳ ಮೊಣಕೈ ಒರೆಸಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಬರ್ಕೋಮ್ಮ. ಆ ದಿನ ಮಧ್ಯಾಹ್ನ ನಾನು ನಿದ್ದೆ ಮಾಡಿದ್ದೆ.”

“ಅಣ್ಣಾ, ನೀವು ನಿದ್ದೆ ಮಾಡಿರಲಿಲ್ಲ. ಅದಕ್ಕೇ ನಾನು ಇಷ್ಟೆಲ್ಲ...”

“ಇಷ್ಟು ಹೊತ್ತು ಮಾಡಿದ್ನೋ ಇಲ್ವೋ ಅಂತ ಅನುಮಾನ ಇತ್ತು. ಈಗ ಅನುಮಾನ ಇಲ್ಲ. ಗೊರಕೆ ಹೊಡೆದಿದ್ದೆ. ನಾಳೆ ಹತ್ತು ಗಂಟೆಗೆ ಅದನ್ನೇ ಬರೆದು ಸಹಿ ಹಾಕ್ತೀನಿ. ಒಬ್ಬನನ್ನ ಕಳ್ಕೊಂಡಾಯ್ತು. ಆ ಕಚೇರಿಯವರು ಇವಳನ್ನ ನಿಲ್ಸಿ ಪ್ರಶ್ನೆ ಕೇಳೋದನ್ನ ನಾನು ನೋಡ್ಕೊಂಡು ಕೂರಲ್ಲ.”

“ಅಪ್ಪಾ, ಬೇಡ.”

“ನೀನು ಸುಮ್ನಿರು. ನಿನ್ನ ತುಟಿ ಈಗ ನಂಗೆ ಕಾಣ್ತಿಲ್ಲ.” ಅವರು ನಿಜವಾಗಿಯೂ ಬೇರೆ ಕಡೆ ನೋಡುತ್ತಿದ್ದರು. “ನೀನು ಒಳ್ಳೇ ಹುಡುಗಿ ಕಣಮ್ಮ, ಲೆಕ್ಕ ಪಕ್ಕಾ. ಇನ್ನು ಈ ಮನೆಗೆ ಬರ್ಬೇಡ.”

ಲಿಫ್ಟಿಗೆ ಕಾಯದೆ ಮೂರು ಮಹಡಿ ಇಳಿದೆ. ಸತ್ಯ ಹುಡುಕಲು ಹೋಗಿ, ನಿರಪರಾಧಿಯೊಬ್ಬರಿಗೆ ಸುಳ್ಳು ಹೇಳಲೇಬೇಕಾದ ಕಾರಣ ಒದಗಿಸಿ ಬಂದಿದ್ದೆ.

*

ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ಪರೀಕ್ಷಾಲಯದ ಮೇಜಿನ ಮುಂದೆ ಕುಳಿತಿದ್ದೆ. ಕಾರ್ಯದರ್ಶಿಗಳ ಹಾಳೆ ಅಲ್ಲೇ ಇತ್ತು. ಬೇರೇನೂ ಮಾಡಲು ತೋಚದೆ ದೂರುಗಳ ಪುಟ ತೆರೆದೆ.

ಹೊಸದೊಂದು ಬಂದಿತ್ತು. ತಲೆಬರಹ: “ಜರಡಿಯಿಂದ ಪ್ರೊಸೆಸರ್ ಮೇಲೆ ವಿಪರೀತ ಹೊರೆ.”

ಬರೆದವರು ಕಣಿವೆಯ ಆಚೆಬದಿಯಲ್ಲಿ, ದೋಣಿಕಟ್ಟೆಯೊಂದರಲ್ಲಿ ಟಿಕೆಟ್ ಕೊಡುವ ಒಬ್ಬ ಮಹಿಳೆ. ಹವ್ಯಾಸಕ್ಕೆ ಬಂದು ಒಂದೇ ತಿಂಗಳು. ಹಾಗೆ ಒಬ್ಬರು ಅಲ್ಲಿ ಕಿವಿಗೊಟ್ಟು ಕೂರುತ್ತಾರೆಂಬುದೇ ನಮ್ಮ ಸಂಘಕ್ಕೆ ತಿಳಿದಿರಲಿಲ್ಲ. ಭಾಷೆ ಸಂಕೋಚದ್ದು: “ತಪ್ಪು ನನ್ನ ಕಡೆಯದೇ ಇರಬಹುದು. ಒಂದೇ ಒಂದು ಸಲ ಹೀಗಾಯಿತು, ಆದ್ದರಿಂದ ಬರೆಯಲೋ ಬೇಡವೋ ಎಂದು ಹನ್ನೆರಡು ದಿನ ಯೋಚಿಸಿದೆ.”

ಈ ಸಲ ಲಗತ್ತನ್ನು ಮೊದಲು ತೆರೆದೆ.

ದಿನಾಂಕ ಅಪಘಾತದ್ದು. ನಾಲ್ಕು ಗಂಟೆ ಎಂಟು ನಿಮಿಷ ಹದಿನೈದು ಸೆಕೆಂಡಿಗೆ ಅಂಕೆ ನೂರಕ್ಕೆ ಏರಿತ್ತು. ನಾಲ್ಕು ಇಪ್ಪತ್ನಾಲ್ಕು ಐವತ್ತೈದಕ್ಕೆ ಇಳಿದಿತ್ತು.

ಕಿವಿಯಣ್ಣನವರ ದಾಖಲೆಯನ್ನು ಪಕ್ಕದಲ್ಲಿ ತೆರೆದಿಟ್ಟೆ. ಸೆಕೆಂಡಿಗೆ ಸೆಕೆಂಡು ಒಂದೇ.

ಎಂಬತ್ತು ಮೈಲಿ ಅಂತರದ ಎರಡು ಮನೆಗಳಲ್ಲಿ ಒಂದೇ ಬೆರಳು ಒಂದೇ ಕ್ಷಣಕ್ಕೆ ಗುಂಡಿ ಒತ್ತಲಾರದು. ಲೆಕ್ಕ ಹಾಕಿ ನೋಡಿದೆ: ಹದಿನಾರು ನಿಮಿಷ ನಲವತ್ತು ಸೆಕೆಂಡು. ಅಂದರೆ ಸರಿಯಾಗಿ ಒಂದು ಸಾವಿರ ಸೆಕೆಂಡು. ಕೈ ಇಂಥ ಅಂಕಿ ಕೊಡುವುದಿಲ್ಲ. ಇದು ಯಾರೋ ಕುಳಿತು ಬರೆದ ಅಂಕಿ.

ಅಕ್ಕ ಆ ದಿನ ಗುಂಡಿ ಒತ್ತಿಯೇ ಇರಲಿಲ್ಲ.

ಒಂಬತ್ತೂ ಮೂವತ್ನಾಲ್ಕಕ್ಕೆ ಜರಡಿಯ ಒಳಗೆ ಆ ಸಂಖ್ಯೆಯನ್ನು ಹುಡುಕಿದೆ. ಒಂದೇ ಕಡೆ ಸಿಕ್ಕಿತು. ಹನ್ನೆರಡು ಸಾಲಿನ ಒಂದು ತಿದ್ದುಪಡಿ. ಅಪಘಾತಕ್ಕೆ ನಾಲ್ಕು ದಿನ ಮೊದಲು ಸೇರಿದ್ದು, ಎರಡು ದಿನ ಮೊದಲು ಎಲ್ಲರ ಯಂತ್ರಗಳಿಗೂ ತಾನಾಗಿ ತಲುಪಿದ್ದು. ಅದರ ಮೇಲಿನ ವಿವರಣೆ: “ಪರದೆಯ ಬಣ್ಣದಲ್ಲಿ ಸಣ್ಣ ಸುಧಾರಣೆ.”

ಆ ಸಾಲುಗಳಲ್ಲಿ ಬಣ್ಣದ ಮಾತೇ ಇರಲಿಲ್ಲ. ಪ್ರತಿ ರೇಡಿಯೋ ನಿಲ್ದಾಣಕ್ಕೂ ಗುರುತಿನ ಅಕ್ಷರಗಳಿರುತ್ತವೆ, ಮನೆಗೆ ನಂಬರಿರುವಂತೆ. ಆ ಸಾಲುಗಳು ಹೇಳುತ್ತಿದ್ದುದು ಇಷ್ಟೇ: ಈ ಒಂದು ಗುರುತಿನಿಂದ ಸಂದೇಶ ಬಂದರೆ ಅದನ್ನು ತೋರಿಸಬೇಡ, ಅಲ್ಲಿಂದ ಮುಂದೆ ಸಾವಿರ ಸೆಕೆಂಡು, ಒಳಬರುವ ಸದ್ದಿನ ಜಾಗದಲ್ಲಿ ಶೂನ್ಯ ಇಡು.

ಗುರುತು ಕಿವಿಯಣ್ಣನವರ ತಮ್ಮನದು.

ಅವರ ಮೊದಲ ಕ್ಷೀಣ ಕರೆಯೇ ಕೇಳುವ ಎಲ್ಲ ಕಿವಿಗಳನ್ನೂ ಒಮ್ಮೆಲೇ ಮುಚ್ಚಿಸಿತ್ತು. ಯಾರೋ ಅವರ ದನಿಗೆ ಹೊಂಚು ಹಾಕಿ ಕುಳಿತಿದ್ದರು. ಬಂಡೆ ತಾನಾಗಿ ಜಾರಿತೇ ಎಂಬ ಪ್ರಶ್ನೆ ಇಷ್ಟು ದಿನ ಯಾರ ತಲೆಗೂ ಬಂದಿರಲಿಲ್ಲ.

ಪುಟದ ಕೆಳಗೆ ಎರಡು ಹೆಸರುಗಳಿರುತ್ತವೆ: ಕಳಿಸಿದವರು, ಒಪ್ಪಿದವರು.

ಒಪ್ಪಿದವಳು ನಾನು.

ನೆನಪು ಸ್ಪಷ್ಟವಾಗಿಯೇ ಇತ್ತು. ಸಾಲುಗಳನ್ನು ಓದಿರಲಿಲ್ಲ, ಕಳಿಸಿದವರ ಹೆಸರನ್ನು ಮಾತ್ರ ಓದಿದ್ದೆ. ಮೂರು ಸಲ ಮುಖಕ್ಕೆ ಹೊಡೆದಂತೆ ಉತ್ತರಿಸಿದ ಸಂಕೋಚವಿತ್ತು. ಪಾಪ, ಬಣ್ಣವೊಂದನ್ನಾದರೂ ಅವರಿಷ್ಟದಂತೆ ಮಾಡಿಕೊಡೋಣ ಎಂದು, ನನ್ನ ತಪ್ಪಿಗೆ ಅಗ್ಗದ ಪ್ರಾಯಶ್ಚಿತ್ತವೆಂಬಂತೆ ಗುಂಡಿ ಒತ್ತಿದ್ದೆ.

ಕಳಿಸಿದವರು: ಕಿವಿಯಣ್ಣ. ಅವರದೇ ಗುರುತು, ಅವರದೇ ಯಂತ್ರದಿಂದ.

ಅವರಿಗೆ ಇಷ್ಟು ಬರೆಯಲು ಬರುತ್ತದೆಯೇ? ಬರುವುದಿಲ್ಲ ಎನ್ನಲು ನನ್ನ ಬಳಿ ಆಧಾರವಿರಲಿಲ್ಲ. ಅವರ ಯಂತ್ರದಲ್ಲಿ ಬೇರೆ ಯಾರಾದರೂ ಕುಳಿತಿರಬಹುದೇ? ನಿನ್ನೆ ನಾನು ಪ್ರವೇಶದ ಪಟ್ಟಿಯಲ್ಲಿ ನೋಡಿದ್ದು ಅಪಘಾತದ ದಿನವನ್ನು ಮಾತ್ರ. ಅದಕ್ಕೆ ನಾಲ್ಕು ದಿನ ಹಿಂದಿನದನ್ನಲ್ಲ. ತಮ್ಮನ ಮೇಲೆ ಅಣ್ಣನಿಗೆ ಏನಾದರೂ ಇತ್ತೇ? ಸಹಿ ಹಾಕಲು ಅವರಿಗೆ ಅಷ್ಟು ಅವಸರ ಏಕೆ? ಮಗಳಿಗಾಗಿಯೇ, ಅಥವಾ “ನಿದ್ದೆ” ಎಂಬ ಸಣ್ಣ ತಪ್ಪಿನ ಹಿಂದೆ ಇನ್ನೊಂದನ್ನು ಅಡಗಿಸುವುದಕ್ಕೇ?

ಈ ಪುಟವನ್ನು ಕೊಟ್ಟರೆ ಅವರು ನಿದ್ದೆ ಮಾಡಲಿಲ್ಲವೆಂದು ಸಾಬೀತಾಗುತ್ತದೆ. ಅದೇ ಪುಟ ಅವರನ್ನು ತಮ್ಮನ ಕೊಲೆಗಾರ ಎನ್ನುತ್ತದೆ. ಮತ್ತು ಬಾಗಿಲು ತೆರೆದುಕೊಟ್ಟವಳು ನಾನು ಎನ್ನುತ್ತದೆ. ಕೊಡದಿದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಒಬ್ಬ ಮುದುಕ ತೂಕಡಿಸಿದ, ಅಷ್ಟೆ.

ಫೋನು ಹೊಡೆದುಕೊಂಡಿತು. ಪರವಾನಗಿ ಕಚೇರಿಯ ತನಿಖಾಧಿಕಾರಿ. ಒಮ್ಮೆ ಮಾತ್ರ ಭೇಟಿಯಾಗಿದ್ದ, ಬೇಗ ಬೇಗ ಮಾತಾಡುವ ಹೆಂಗಸು.

“ನಿಮ್ಮ ಕಿವಿಯಣ್ಣ ಒಂಬತ್ತೂವರೆಗೇ ಬಂದು ಕೂತಿದ್ದಾರೆ ಕಣ್ರೀ. ವಿಚಾರಣೆನೇ ಬೇಡ, ಕಾಗದ ಕೊಡಿ, ನಿದ್ದೆ ಮಾಡಿದ್ದೆ ಅಂತ ಬರೆದುಕೊಡ್ತೀನಿ ಅಂತಾರೆ. ನಂಗೂ ಕಡತ ಮುಗಿದ್ರೆ ಸಾಕು. ತಂತ್ರಾಂಶದ ಕಡೆಯಿಂದ ನಿಮ್ಮದೊಂದು ಮಾತು ಬೇಕು. ಹೇಳೋದೇನಾದ್ರೂ ಇದ್ಯಾ, ಇಲ್ವಾ?”

ಮೇಜಿನ ಮೇಲಿನ ಹಾಳೆಯನ್ನು ನೋಡಿದೆ. ‘ಯಾವ ದೋಷವೂ ಇರಲಿಲ್ಲ.’

“ಹಲೋ? ಅವರು ಪೆನ್ನು ತೆಗೆದಾಯ್ತು.”

“ಇದೆ ಮೇಡಂ,” ಎಂದೆ. ಲ್ಯಾಪ್‌ಟಾಪ್ ಮಡಿಚಿ ಚೀಲಕ್ಕೆ ಹಾಕಿದೆ. “ಸಹಿ ಹಾಕಿಸ್ಬೇಡಿ. ನಾನು ಈಗಲೇ ಹೊರಟೆ, ಇಪ್ಪತ್ತು ನಿಮಿಷ. ಎರಡು ಕುರ್ಚಿ ಹಾಕಿ, ನನಗೊಂದು, ಅವರಿಗೊಂದು. ಅಲ್ಲಿವರೆಗೂ ಅವರನ್ನ ಎಲ್ಲಿಗೂ ಕಳಿಸ್ಬೇಡಿ.”